ಬೆಚ್ಚ ಮಾಡಿಟ್ಟ ಬೀಜ

ಕಳೆದ ಸೆಪ್ಟೆಂಬರ್‌ನ ಎರಡನೇ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ತಳಿ ವಿಜ್ಞಾನಿಯೊಬ್ಬರು ಫೋನ್ ಮಾಡಿ, ನಾನು ಕಳಿಸಿದ್ದ ಸಾಸಿವೆಯನ್ನು ತಟ್ಟೆಯಲ್ಲಿ ಮೊಳಕೆಗೆ ಹಾಕಿದರೆ ಒಂದು ಕಾಳೂ ಮೊಳೆತಿಲ್ಲ ಎಂದು ತಿಳಿಸಿದರು. ನಾನು ಕಾರವಾರದ ಪತ್ರಿಕಾ ಕಚೇರಿಯಲ್ಲಿ ಹಿಂದಿನ ದಿನದ ಸುದ್ದಿಗೆ ತಿದ್ದುಪಡಿ ಬರೆಯುತ್ತಿದ್ದೆ.

"ಬೀಜ ಹಳೆಯದಿರಬಹುದೇ?" ಎಂದು ಕೇಳಿದೆ.

"ಹಳೆಯದಾದರೂ ನಾಲ್ಕಾರು ಮೊಳೆಯಬೇಕಿತ್ತು. ಇದು ಪೂರ್ತಿ ಸತ್ತಿದೆ," ಎಂದರು ಆಕೆ.

ಬೀಜ ಅವರ್ಸಾ ಊರಿನಲ್ಲಿರುವ ನನ್ನ ಸೋದರತ್ತೆಯದು. ಭತ್ತ ಕೊಯ್ದ ಮೇಲೆ ಮನೆಯ ಹಿಂದಿನ ಮಡಿಯಲ್ಲಿ ಪ್ರತಿವರ್ಷ ಬಿತ್ತುತ್ತಿದ್ದರು. ನೀರು ಹಾಯಿಸುವುದಿಲ್ಲ, ಇಬ್ಬನಿಯೇ ಸಾಕು. ಉಪ್ಪುಗಾಳಿಗೆ ಪಕ್ಕದ ಹರಿವೆಯ ಎಲೆ ಸುಟ್ಟರೂ ಈ ಗಿಡ ಜಗ್ಗುತ್ತಿರಲಿಲ್ಲ. ಮೊದಲು ಊರಿನ ಆರೇಳು ಮನೆಗಳಲ್ಲಿ ಇತ್ತಂತೆ. ಅಂಗಡಿಯ ಸಾಸಿವೆ ಸುಲಭವಾದ ಮೇಲೆ ಉಳಿದವರು ಬಿಟ್ಟರು.

ಅದರ ಬಗ್ಗೆ ನಾನು ಬರೆದ ಸಣ್ಣ ವರದಿ ಓದಿ, ಹಿಂದಿನ ಚಳಿಗಾಲದಲ್ಲಿ ಆ ವಿಜ್ಞಾನಿ ಅತ್ತೆಯ ಮನೆಗೆ ಬಂದಿದ್ದರು. ಗಿಡ ಇನ್ನೂ ಹೂವಿನಲ್ಲಿತ್ತು.

"ಹೆಚ್ಚು ಎಣ್ಣೆ ಕೊಡುವ ತಳಿಗಳು ಬೇಕಾದಷ್ಟಿವೆ ಅಮ್ಮಾ," ಎಂದರು. "ಆದರೆ ಅವುಗಳಲ್ಲಿ ಬಹಳಷ್ಟು ಹತ್ತಿರದ ನೆಂಟರು. ಹೊಸ ರೋಗ ಬಂದರೆ ಎಲ್ಲ ಒಟ್ಟಿಗೆ ಮಲಗಬಹುದು. ಆಗ ಇಂಥ ಮಡಿಯಲ್ಲಿರುವ ಗುಣವನ್ನು ತಂದು ಕೂಡಿಸಬೇಕಾಗುತ್ತದೆ."

"ಅಷ್ಟೆಲ್ಲ ಓದ್ಕಂಡಿ ಕಡೆಗೆ ಒಗ್ಗರಣಿ ಕಾಳಿಗೆ ಬಂದ್ರಿ?" ಎಂದರು ಅತ್ತೆ.

ಮೇ ತಿಂಗಳಲ್ಲಿ ಅತ್ತೆಯ ಮನೆಯ ಹೆಂಚು ತೆಗೆದು ಹೊಸದಾಗಿ ಹೊದಿಸುತ್ತಿದ್ದರು. ಧೂಳು, ಕೂಲಿಯವರ ಓಡಾಟ. ಅತ್ತೆ ಬೀಜದ ಗಾಜಿನ ಬಾಟಲಿಯನ್ನು ನನ್ನ ಕೈಗೇ ಕೊಟ್ಟರು.

"ಆ ಓದಿದ ಅಮ್ಮಂಗೆ ಬೇಕಾದಷ್ಟು ಕೊಡು. ಉಳಿದದ್ದು ದೀಪಾಳಿ ಒಳಗೆ ತಂದ್ಕೊಡು. ಬಿತ್ತೂಕೆ ನಂಗೆ ಬೇರೆ ಇಲ್ಲ, ತಿಳೀತಾ?"

ಕೋಡಿಬಾಗದ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಬಾಟಲಿ ಇಟ್ಟೆ. 'ಒಗ್ಗರಣೆಗೆ ಅಲ್ಲ' ಎಂದು ಚೀಟಿ ಅಂಟಿಸಿದೆ. ಆಗಸ್ಟ್‌ನಲ್ಲಿ ಎರಡು ಚಮಚ ಪಾರ್ಸೆಲ್ ಮಾಡಿದೆ.

ಫೋನ್ ಬಂದ ದಿನ ಸಂಜೆ ಅಮ್ಮನನ್ನು ಕೇಳಿದೆ.

"ಒಂದ್ ಕಾಳೂ ತೆಗೀಲಿಲ್ಲ. ನೀನು ಚೀಟಿ ಅಂಟ್ಸಿದ್ಯಲ್ಲ," ಎಂದಳು.

"ಮತ್ತೇನೂ ಮಾಡಲಿಲ್ಲವಾ?"

"ಬೆಚ್ಚ ಮಾಡಿಟ್ಟೆ. ಎಲ್ಲದ್ರ ಸಂಗ್ತಿಗೆ."

ಮಳೆಗಾಲಕ್ಕೆ ಮುಂಚೆ ನಮ್ಮಲ್ಲಿ ಕೊತ್ತಂಬರಿ, ಮೆಂತ್ಯ, ಬೇಳೆಯನ್ನೆಲ್ಲ ಬಿಸಿಲಿಗೆ ಹಾಕಿ ಡಬ್ಬಿ ತುಂಬುತ್ತಾರೆ. ಬಿಸಿಲಿಲ್ಲದಿದ್ದರೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡುತ್ತಾರೆ. ಅಮ್ಮ ಹಾಗೆ ಮಾಡಿದ, ಮೇ ಕೊನೆಯ ಆ ಭಾನುವಾರ ಮೋಡವಿತ್ತು. ನಾನು ಪಕ್ಕದ ಕೋಣೆಯಲ್ಲಿ ಮಳೆ ಮುನ್ಸೂಚನೆಯ ಸುದ್ದಿ ಟೈಪ್ ಮಾಡುತ್ತಿದ್ದೆ. ಸಾಸಿವೆ ಬಿಸಿಯಾಗುವ ವಾಸನೆ ಬಂದದ್ದು ನೆನಪಿದೆ.

"ಚಟಪಟ ಅನ್ನೂಕೆ ಬಿಡಲಿಲ್ಲ ಮಾರಾಯ, ಅದ್ರೊಳಗೇ ಇಳ್ಸಿದೆ. ಮುಗ್ಗಲು ಬಂದಿದ್ರೆ ನಿನ್ನತ್ತೆ ನನ್ನ ಸುಮ್ನೆ ಬಿಡ್ತಿದ್ಲನಾ? ಯಾಕೆ, ಎಂತಾಯ್ತು?"

ಹೇಳಿದೆ. ಅಮ್ಮ ಹತ್ತಿರದ ಮಣೆಯ ಮೇಲೆ ಕುಳಿತಳು.

"ಎಲ್ಲಾನೂ ಸತ್ತಿದ್ಯಾ?" ಎಂದಳು.

"ಎಲ್ಲಾನೂ."

ಮರುದಿನ ಬಾಟಲಿ ಹಿಡಿದುಕೊಂಡು ಇಬ್ಬರೂ ಬಸ್ಸಿನಲ್ಲಿ ಅವರ್ಸಾಕ್ಕೆ ಹೋದೆವು. ಜಗಲಿ ಹತ್ತುವ ಮೊದಲೇ ಅಮ್ಮ ಹೇಳಿಬಿಟ್ಟಳು: "ಬಾಣಲೆಗೆ ಹಾಕಿದ್ದು ನಾನೇ ಅತ್ತಿಗೆ. ಮಗಂಗೆ ಬೈಬೇಡ."

ಅತ್ತೆ ಬಾಟಲಿ ತೆರೆದು ಒಂದು ಕಾಳು ಕಚ್ಚಿದರು. ಇನ್ನೊಂದು ಕಚ್ಚಿದರು. ಬಾಟಲಿಯ ಮುಚ್ಚಳ ಅವರ ಕೈಯಿಂದ ಬಿದ್ದು ಅಂಗಳದವರೆಗೆ ಉರುಳಿತು. ಯಾರೂ ಎತ್ತಲಿಲ್ಲ.

"ಇಷ್ಟು ವರ್ಷದಲ್ಲಿ ಇವ್ಳು ನಮ್ಮನೇದು ಒಂದ್ ಲೋಟ ಒಡೀಲಿಲ್ಲ," ಎಂದು ನನ್ನತ್ತ ತಿರುಗಿದರು. "ನೀನೆಂತ ಮಾಡ್ತಿದ್ದೆ, ಪೇಪರಿನವ್ನೆ?"

"ಅಲ್ಲೇ ಇದ್ದೆ," ಎಂದೆ.

ಆ ಮಧ್ಯಾಹ್ನ, ಮೊದಲು ಬೆಳೆಯುತ್ತಿದ್ದ ಮನೆಗಳಿಗೆಲ್ಲ ಹೋಗಿ ಕೇಳಿದೆ. ಯಾರಲ್ಲೂ ಇರಲಿಲ್ಲ. ಒಬ್ಬರು ಅಂಗಡಿಯ ಪೊಟ್ಟಣ ತಂದು ತೋರಿಸಿದರು. ವಿಜ್ಞಾನಿಗೆ ಫೋನ್ ಮಾಡಿದೆ. ಅವರ ಸಂಗ್ರಹದಲ್ಲಿ ಅವರ್ಸಾದ ಬೇರೆ ಸಾಸಿವೆ ಇಲ್ಲ. ಸತ್ತ ಬೀಜವನ್ನು ಪರೀಕ್ಷಿಸಿ ಅದು ಯಾವ ತಳಿಗೆ ಹತ್ತಿರವಿತ್ತು ಎಂದು ಹೇಳಬಹುದು, ಅದರಿಂದ ಗಿಡ ಬೆಳೆಸಲಾಗದು ಎಂದರು. ಅದನ್ನೂ ಅತ್ತೆಗೆ ತಿಳಿಸಿದೆ.

"ಅವ್ರು ಹಾಕಿದ್ದು ಅವ್ರ ತಟ್ಟೇಲಿ. ನನ್ ಮಣ್ಣಲ್ಲಿ ಅಲ್ವಲ್ಲ," ಎಂದರು ಅತ್ತೆ.

ದೀಪಾವಳಿ ಮುಗಿದ ಮೇಲೆ ಬಾಟಲಿಯಲ್ಲಿದ್ದ ಅಷ್ಟನ್ನೂ ಮಡಿಗೆ ಚೆಲ್ಲಿದರು. ಅಮ್ಮ ಕೈಯಿಂದ ಮಣ್ಣು ಎಳೆದಳು. ಆ ಮಡಿಯಲ್ಲಿ ಸಾಸಿವೆ ಐದಾರು ದಿನಕ್ಕೆ ತಲೆ ಎತ್ತುತ್ತಿತ್ತು. ಈ ಬುಧವಾರಕ್ಕೆ ಹದಿನಾಲ್ಕು ದಿನವಾಯಿತು. ಒಂದೂ ಹುಟ್ಟಿಲ್ಲ.