ಯಾರೂ ಯಾರನ್ನೂ ತಿನ್ನದ ನೀರು

ಬ್ರಹ್ಮಾವರದಲ್ಲಿ ಮೊಮ್ಮಗಳು ಹೊಸ ಮನೆ ಮಾಡಿದ್ದಾಳೆ. ಕಳೆದ ತಿಂಗಳು ಹೋಗಿದ್ದೆ. ಬಾಗಿಲು ತೆರೆಯುತ್ತಲೇ ಒಂದು ವಾಸನೆ ಬಂತು. ಮೀನಿನದಲ್ಲ, ಕೋಣೆಯೊಳಗೆ ಕೂಡಿಟ್ಟ ಕಡಲ ನೀರಿನದು. ಒಳಗೆ ನೀಲಿ ದೀಪದ ಗಾಜಿನ ತೊಟ್ಟಿ, ಹವಳದ ಕಲ್ಲು, ಅದರ ಮೇಲೆ ಕೆಂಪು ಪಟ್ಟೆಯ ಸಿಗಡಿಗಳು. ಸಿಗಡಿಯ ಜೊತೆ ಯಾವ ಮೀನು ಬಿಟ್ಟರೆ ತೊಂದರೆಯಿಲ್ಲ ಎಂದು ಅವಳು ಫೋನಿನಲ್ಲಿ ಯಾರನ್ನೋ ವಿಚಾರಿಸುತ್ತಿದ್ದಳು. ನಾನು ಮೆಲ್ಲಗೆ ಕುರ್ಚಿ ಹಿಡಿದು ಕೂತೆ. ಅದೇ ಮಾತನ್ನು ಕುಂದಾಪುರದ ಹತ್ತಿರದ ನಮ್ಮ ಕೋಡಿಯಲ್ಲಿ ಒಬ್ಬರು ಕಂಡಕಂಡವರಲ್ಲಿ ಕೇಳುತ್ತಿದ್ದರು... ಐವತ್ತು ವರ್ಷಗಳ ಮೇಲಾಯಿತು.

ಆಗ ನಾನು ಮದುವೆಯಾಗಿ ಕೋಡಿಗೆ ಬಂದ ಹೊಸತು. ನನ್ನವರು ದೋಣಿಗೆ ಹೋಗುತ್ತಿದ್ದರು, ಅತ್ತೆ ಕುಂದಾಪುರದ ಪೇಟೆಯಲ್ಲಿ ಮೀನು ಮಾರುತ್ತಿದ್ದರು. ಬೇಲಿಯಾಚೆಯ ಮನೆಯವರನ್ನು ಎಲ್ಲರೂ ಬೊಂಬಾಯಿ ಅಣ್ಣಯ್ಯ ಅನ್ನುತ್ತಿದ್ದರು. ಬೊಂಬಾಯಿಯಲ್ಲಿ ಗಾಜಿನೊಳಗೆ ಮೀನು ಸಾಕಿ ಜನರಿಗೆ ತೋರಿಸುವ ಜಾಗವೊಂದರಲ್ಲಿ ಅವರಿಗೆ ಕೆಲಸವಿತ್ತು. ಅವರು ಅಲ್ಲಿರುವಾಗಲೇ, ಗಂಗೊಳ್ಳಿಯ ತವರಿಗೆಂದು ಹೊರಟ ಅವರ ಹೆಂಡತಿಯಿದ್ದ ದೋಣಿ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮಗುಚಿತು. ಉಳಿದವರು ಹೇಗೋ ದಡ ಸೇರಿದರು. ಆಕೆ ಸಿಗಲಿಲ್ಲ, ದೇಹವೂ ಸಿಗಲಿಲ್ಲ. ಇವರು ಕೆಲಸ ಬಿಟ್ಟು ಬಂದು ಒಂದಿಡೀ ಬೇಸಿಗೆ ದಡದುದ್ದಕ್ಕೂ ನಡೆದರಂತೆ. ಆಮೇಲೆ ನಡೆಯುವುದನ್ನು ನಿಲ್ಲಿಸಿದರು. ಮೀನು ತಿನ್ನುವುದನ್ನೂ ಬಿಟ್ಟರು.

ನಾನು ಬರುವ ಹೊತ್ತಿಗೆ ಅವರ ಹೊರಕೋಣೆಯಲ್ಲಿ ಕಬ್ಬಿಣದ ಚೌಕಟ್ಟಿನ ದೊಡ್ಡ ಗಾಜಿನ ತೊಟ್ಟಿಯಿತ್ತು. ನೀರು ಅಳಿವೆಯದೇ ಆಗಬೇಕು, ಕೊಡದಲ್ಲಿ ತಾವೇ ಹೊತ್ತು ತರುತ್ತಿದ್ದರು. ಬೈಂದೂರಿನ ಆಚೆ ಕಡಲೊಳಗಿನ ಬಂಡೆಗಳಿಂದ ನನ್ನವರು ಅವರಿಗೆ ಜೀವವಿರುವ ಹವಳದ ಕಲ್ಲು ತಂದುಕೊಟ್ಟಿದ್ದರು. ಅದರ ಸಂದಿನಲ್ಲಿ ಚಟ್ಲಿ, ಅಂದರೆ ಸಿಗಡಿ. ಸಾರಿಗೆ ಹಾಕುವುದನ್ನು ಸಾಕುವುದು ಏಕೆಂದು ಅತ್ತೆ ಒಮ್ಮೆ ನಗುತ್ತ ಕೇಳಿದರು. ಅಣ್ಣಯ್ಯ ನಗಲಿಲ್ಲ.

"ಇದ್ರೊಳ್ಗೆ ಯಾರೂ ಯಾರನ್ನೂ ತಿಂಬುಕಾಗ, ಅಕ್ಕ. ಇಷ್ಟ್ ನೀರಾರೂ ಹಾಂಗಿರ್ಲಿ."

ಅತ್ತೆ ಮನೆಗೆ ಬಂದರು. ನೀರಲ್ಲೇ ಉಳಿದವರಿಗೆ ಏನಾಗುತ್ತದೆ ಎಂಬುದು ಮೀನು ಮಾರುವವರಿಗೆ ಗೊತ್ತಿರುತ್ತದೆ. ಆ ದಿನದಿಂದ ಅವರು ಬುಟ್ಟಿಯನ್ನು ಆ ಬೇಲಿಯ ಬದಿ ಇಡಲಿಲ್ಲ.

ಆದರೆ ನೀರು ಅಣ್ಣಯ್ಯನ ಮಾತು ಕೇಳಬೇಕಲ್ಲ... ಪಟ್ಟೆಪಟ್ಟೆಯ ಚಂದದ ಮೀನೊಂದನ್ನು ಬಿಟ್ಟರು. ಅದು ಚಟ್ಲಿಗಳ ಮೀಸೆ ಕಡಿದು ಹಾಕಿತು. ಅಂಗೈಯಗಲದ ಏಡಿ ಹಗಲೆಲ್ಲ ಕಲ್ಲಿನಂತೆ ಕೂತಿದ್ದು, ಬೆಳಗಾಗುವಷ್ಟರಲ್ಲಿ ಚಟ್ಲಿಗಳ ಕಾಲುಗಳನ್ನಷ್ಟೇ ಉಳಿಸಿತು. ಹೊಟ್ಟೆ ಉಬ್ಬಿಸುವ ಮೀನಂತೂ ಅವರ ಕಣ್ಣೆದುರೇ ಚಟ್ಲಿಯನ್ನು ನುಂಗಿತು. ಪ್ರತಿ ಸಲವೂ ಅವರು ತಪ್ಪಿತಸ್ಥನನ್ನು ಕೊಡದಲ್ಲಿ ಹಾಕಿ ಅಳಿವೆಗೆ ಬಿಟ್ಟು, ಮತ್ತೆ ನೀರು ತರುತ್ತಿದ್ದರು.

ಕೊನೆಗೊಮ್ಮೆ ನನ್ನವರು ಇಳಿತದ ಹೊತ್ತಿಗೆ ಮರಳು ಬಗೆದು ಒಂದೇ ಬಿಲದಿಂದ ಎರಡು ಜೀವ ತಂದರು: ಒಂದು ಕೈ ಮಾತ್ರ ದಪ್ಪಗಿದ್ದ ಚಟ್ಲಿ, ಮರಳಿನದೇ ಬಣ್ಣದ ಬೆರಳುದ್ದದ ಮೀನು. ಚಟ್ಲಿಗೆ ಕಣ್ಣು ಅಷ್ಟಕ್ಕಷ್ಟೆ. ಅದು ಬಿಲ ತೋಡುವುದು, ಮೀನು ಬಾಗಿಲಲ್ಲಿ ಕಾವಲು ನಿಲ್ಲುವುದು. ಹೊರಬಂದಾಗ ಚಟ್ಲಿಯ ಮೀಸೆ ಸದಾ ಮೀನಿನ ಮೈ ಮೇಲೆ. ಅವೆರಡೂ ಹೊಂದಿಕೊಂಡವು. ಅಣ್ಣಯ್ಯನ ಮುಖದಲ್ಲಿ ನಗು ಕಂಡದ್ದು ಆಗಲೇ.

ಆ ಚಟ್ಲಿ ದಪ್ಪ ಕೈಯನ್ನು ಮಡಚಿದರೆ ಟಕ್ ಎಂದು ಶಬ್ದ ಬರುತ್ತಿತ್ತು, ಯಾರೋ ಬೆರಳಿನ ನೆಟಿಗೆ ಮುರಿದ ಹಾಗೆ. ಒಂದು ಮಧ್ಯಾಹ್ನ ಉಪ್ಪಿನಕಾಯಿ ಕೊಡಲು ಹೋದವಳು ಹೊಸ್ತಿಲಲ್ಲೇ ನಿಂತೆ. ಅಣ್ಣಯ್ಯ ಗಾಜಿಗೆ ಮುಖ ಮಾಡಿ ಗಂಜಿ ಉಣ್ಣುತ್ತಿದ್ದರು. ಗಂಗೊಳ್ಳಿ ಬದಿ ಗಾಳಿ ಜೋರಿದೆ, ಇವತ್ತು ಹೋಗುವುದು ಬೇಡ ಎಂದು ಯಾರಿಗೋ ಹೇಳುತ್ತಿದ್ದರು. ಟಕ್ ಎಂದಿತು. ಅವರು ತಲೆದೂಗಿ ಇನ್ನೇನೋ ಹೇಳಿದರು. ಮತ್ತೆ ಟಕ್... ನಾನು ಉಪ್ಪಿನಕಾಯಿಯನ್ನು ಜಗಲಿಯಲ್ಲಿಟ್ಟು ಹಿಂದಕ್ಕೆ ಬಂದೆ.

ಮಳೆ ಬಿಟ್ಟ ಮೇಲಿನ ಒಂದು ಬೆಳಿಗ್ಗೆ ಅವರು ಬೇಲಿಯ ಹತ್ತಿರ ಬಂದು ನನ್ನನ್ನು ಕರೆದರು. ಹೋಗಿ ನೋಡಿದೆ. ತೊಟ್ಟಿಯ ನಡುವೆ ಚಟ್ಲಿ ನಿಂತಿತ್ತು, ನೀರು ಅಲುಗಿದಂತೆ ಅಲುಗುತ್ತಿತ್ತು. ಕಾಲು, ಮೀಸೆ, ದಪ್ಪ ಕೈ ಎಲ್ಲ ಇದ್ದವು, ಆದರೆ ಅದರ ಮೈಯೊಳಗಿಂದ ಹಿಂದಿನ ಕಲ್ಲು ಕಾಣುತ್ತಿತ್ತು. ಕಣ್ಣಿನ ಜಾಗದಲ್ಲಿ ಎರಡು ಖಾಲಿ ಗುಳ್ಳೆ. ಮೀನು ಪಕ್ಕದಲ್ಲೇ ಇತ್ತು.

"ನೀನೂ ತಿಂದ್ಯಾ?" ಎಂದರು ಅಣ್ಣಯ್ಯ. ದನಿ ಏರಲಿಲ್ಲ. ನೀರಿಗೆ ಕೈ ಹಾಕಿ ಮೀನನ್ನು ಹಿಡಿದು ಅಂಗಳಕ್ಕೆ ಎಸೆದರು. ನಾನು ಬಗ್ಗುವ ಮೊದಲೇ ಕಾಗೆ ಅದನ್ನು ಎತ್ತಿಕೊಂಡು ಹೋಯಿತು.

ಅಲ್ಲಿ ನಿಂತದ್ದು ಬರೀ ಪೊರೆ. ಚಟ್ಲಿ ಪೊರೆ ಬಿಡುತ್ತದೆ, ಬಿಟ್ಟ ಮೇಲೆ ಮೈ ಗಟ್ಟಿಯಾಗುವವರೆಗೆ ಅಡಗಿರುತ್ತದೆ. ಬೊಂಬಾಯಿಯಲ್ಲಿ ಅವರು ಅದನ್ನು ಎಷ್ಟೋ ಸಲ ಕಂಡವರೇ. ಆ ಬೆಳಿಗ್ಗೆ ಅದೊಂದೂ ಅವರ ತಲೆಗೆ ಬರಲಿಲ್ಲ. ಒಂದೆರಡು ದಿನದ ಮೇಲೆ ಚಟ್ಲಿ ತಾನಾಗಿಯೇ ಬಿಲದ ಬಾಯಿಗೆ ಬಂತು. ಮೀನು ನಿಲ್ಲುತ್ತಿದ್ದ ಕಡೆಗೆ ಮೀಸೆ ಚಾಚಿ ತಡವಿತು. ಹಿಂದಕ್ಕೆ ಸರಿಯಿತು. ಮತ್ತೆ ಬಂದು ತಡವಿತು.

"ಅದ್ ಹುಡ್ಕತ್ತ್ ಕಾಣ್, ತಂಗಿ" ಎಂದರು. ಆಮೇಲೆ ಅವರು ಊಟಕ್ಕೂ ಏಳಲಿಲ್ಲ. ಅತ್ತೆ ಇಟ್ಟ ಗಂಜಿ ಹಾಗೇ ಆರಿತು.

ಮರುದಿನ ಸಂಜೆ ಅವರು ಚಟ್ಲಿಯನ್ನು ಕೊಡದಲ್ಲಿ ಹಾಕಿಕೊಂಡು ಅಳಿವೆಯ ಕಡೆ ನಡೆದದ್ದನ್ನು ನಾವೆಲ್ಲ ನೋಡಿದೆವು. ನೀರಿಗೆ ಬಿಟ್ಟು ಬರುತ್ತಾರೆ ಅಂದುಕೊಂಡೆವು. ಬೆಳಿಗ್ಗೆ ಮರಳ ಮೇಲೆ ಕೊಡ ನೆಟ್ಟಗೆ ಕೂತಿತ್ತು, ಖಾಲಿ. ಬೊಂಬಾಯಿಗೆ ಹೋಗಿರಬೇಕು ಎಂದರು ಕೆಲವರು. ಅಲ್ಲಿದ್ದ ನಮ್ಮೂರಿನವರಿಗೆ ಅವರು ಕಾಣಸಿಗಲಿಲ್ಲ.

ಆ ಮನೆಗೆ ಬೀಗ ಬಿತ್ತು. ಬೇಸಿಗೆಗೆ ತೊಟ್ಟಿಯ ನೀರೆಲ್ಲ ಆರಿ ಗಾಜಿನ ಮೇಲೆ ಬಿಳಿ ಉಪ್ಪು ಉಳಿದದ್ದನ್ನು ನಾನೇ ಕಿಟಕಿಯಿಂದ ಕಂಡಿದ್ದೆ. ಅದಾದ ಮೇಲೆ ಒಂದು ಮಧ್ಯಾಹ್ನ ಅಂಗಳದಲ್ಲಿ ಅತ್ತೆಯ ಜೊತೆ ಮೀನು ಒಣಗಿಸುತ್ತಿದ್ದೆ. ಆ ಮನೆಯೊಳಗಿಂದ ಟಕ್ ಎಂದಿತು. ತುಸು ತಡೆದು ಇನ್ನೊಮ್ಮೆ. ಅತ್ತೆ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಬಂದರು.

ಈಗ ಆ ಮನೆಯಿಲ್ಲ. ಅತ್ತೆಯಿಲ್ಲ, ನನ್ನವರೂ ಹೋದರು. ಅಣ್ಣಯ್ಯನ ಮುಖ ನೆನಪಿರುವವರು ಕೋಡಿಯಲ್ಲಿ ಇನ್ನು ಯಾರಿದ್ದಾರೋ ಕಾಣೆ. ಹೆಂಡತಿಯನ್ನು ಹುಡುಕಲು ಅವರಾದರೂ ಬೊಂಬಾಯಿಯಿಂದ ಬಂದರು. ಅವರನ್ನು ಹುಡುಕಿಕೊಂಡು ಯಾರೂ ಬರಲಿಲ್ಲ.