ಗೆರಟೆ ಇದ್ದಲಿನ ಅಕ್ಕ

ಅವರು ನಕ್ಕರೆ ಮೂಗುಬೊಟ್ಟಿನ ಬಿಳಿ ಹರಳು ಮಿಂಚುತ್ತಿತ್ತು. ಅದರ ಸುತ್ತ ಮಾತ್ರ ಮಸಿ. ಇದ್ದಲು ಹಿಡಿದ ಕೈಯಲ್ಲೇ ಮುಖದ ಬೆವರು ಒರೆಸಿಕೊಳ್ಳುವ ಅಭ್ಯಾಸ. ಚೆಂಬೂರಿನ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯವರು, ಉಡುಪಿ ಕಡೆಯವರು. ನಾನು ಅಕ್ಕ ಎನ್ನುತ್ತಿದ್ದೆ.

ನಾನು ಧಾರವಾಡದ ಕಡೆಯಿಂದ ಮದುವೆಯಾಗಿ ಬಂದವಳು. ಮೊದಲ ಬಸಿರು. ಚಾಳಿನ ಹಿಂದೆ ಲಾರಿ ರಿಪೇರಿಯವರು ಚೆಲ್ಲಿದ ಎಣ್ಣೆ ಮಣ್ಣಿಗಿಳಿದು ನಮ್ಮ ಬಾವಿಗೂ ಬಂದಿತ್ತು. ಉಳಿದವರು ಹೇಗೋ ಮೂಗು ಹಿಡಿದು ಕುಡಿದರು. ನನಗೆ ಒಂದು ಗುಟುಕೂ ಒಳಗೆ ನಿಲ್ಲದು. ನೀರಿಲ್ಲದೆ ಕೂಸು ಉಳಿಯುವುದು ಹೇಗೆ? ತವರಿಗೆ ಹೋಗೋಣವೆಂದರೆ ಅಲ್ಲಿ ತಾಯಿ ಇಲ್ಲ.

“ಕುದಿಸಿದ್ರೂ ನಾತ ಹೋಗವಲ್ದು ಅಕ್ಕಾರ,” ಎಂದೆ.

“ಕುದಿಸಿ ಎಂತ ಮಾಡುದು? ತಡಿ ಮಾರಾಯ್ತಿ.”

ಅವರ ಮನೆಯಲ್ಲಿ ಕಾಯಿ ಹಾಕದ ಅಡುಗೆಯಿಲ್ಲ. ಗೆರಟೆಗೆ, ಅಂದರೆ ಕಾಯಿಚಿಪ್ಪಿಗೆ, ಬರವಿರಲಿಲ್ಲ. ಹಳೆಯ ಡಬ್ಬಿಯಲ್ಲಿ ಹೊತ್ತಿಸಿ, ಮುಚ್ಚಿ, ಮಣ್ಣು ಮೆತ್ತಿ ಉಸಿರು ಕಟ್ಟಿಸಿದರು. ಇದ್ದಲಾಗಿ ಆರಿದ ಮೇಲೆ ಕುಟ್ಟಿ ತೊಳೆದು, ತೂತಿನ ಮಡಕೆಯಲ್ಲಿ ಬಟ್ಟೆ, ಮರಳು ಹಾಕಿ ಮೇಲೆ ಹರಡಿದರು. ಆ ಇದ್ದಲು ಒಣಗಿದ ಹೂವಿನಷ್ಟು ಹಗುರ. ಬಾವಿ ನೀರು ಸುರಿದರೆ ಮಧ್ಯಾಹ್ನವೆಲ್ಲ ಕೆಳಗೆ ಹನಿ ಬೀಳುತ್ತಿತ್ತು. ಗೋಡೆಗೊರಗಿ, ಎಚ್ಚರವೋ ನಿದ್ದೆಯೋ ತಿಳಿಯದೆ ಕೇಳುತ್ತಿದ್ದೆ. ಲೋಕಲ್ ಗಾಡಿಯ ಸದ್ದೂ ನೀರಿನೊಳಗಿಂದ ಬಂದಂತಿತ್ತು. ಕುಡಿದೆ. ಹೊಟ್ಟೆಯಲ್ಲಿ ನಿಂತಿತು.

“ಇಷ್ಟು ಹಗುರದ್ದು ಅಷ್ಟು ನಾತ ಹೆಂಗ ಹೊರತೈತಿ?”

“ಅದರ ಮೈಯೆಲ್ಲ ತೂತು. ನಾತ ಹೋಗಿ ಅಲ್ಲಿ ಬಿಡಾರ ಮಾಡ್ತದೆ. ಬಿಡಾರ ತುಂಬಿದ್ರೆ ಇದ್ದಲು ಬದಲಿಸ್ಬೇಕು.”

ಬಿಡಾರ ತುಂಬಿದ್ದು ನನ್ನ ಕುಬಸದ ದಿನವೇ. ಏಳನೇ ತಿಂಗಳ ಶಾಸ್ತ್ರ, ಹಸಿರು ಸೀರೆ, ಉಡಿ ತುಂಬಲು ಬಂದ ಹೆಂಗಸರು, ಅವರ ಹಾಡು. ನೀರು ಮತ್ತೆ ನಾರಿ ನನಗೋ ಬೆಳಗಿನಿಂದ ವಾಂತಿ. ಅಕ್ಕ ಮೊರದ ತುಂಬ ಹೊಸ ಇದ್ದಲು ಹಿಡಿದು ನಡುಮನೆಗೇ ಬಂದರು.

“ಉಡಿ ತುಂಬೂ ಹೊತ್ತಿನಾಗ ಕರೀ ಇದ್ದಲೇನ್ರೀ? ಅಪಶಕುನ,” ಎಂದರು ಹಿರಿಯರೊಬ್ಬರು.

“ನೀವು ಅಕ್ಕಿ ತುಂಬಿ. ಅದನ್ನು ಬೇಯಿಸ್ಲಿಕ್ಕೆ ನೀರು ಬೇಡ್ವಾ?”

ಆ ಹಿರಿಯರೇ ಮೊದಲು ನಕ್ಕು ಜಾಗ ಬಿಟ್ಟರು. ಹಾಡಿನ ನಡುವೆಯೇ ಅಕ್ಕ ಮಡಕೆ ತುಂಬಿದರು. ನನ್ನ ಉಡಿಗೆ ಅಕ್ಕಿ ಬೀಳುವ ಮೊದಲು ಬಾಯಿಗೆ ನೀರು ಬಿತ್ತು.

ಮಗಳು ಹುಟ್ಟಿದಳು, ಬೆಳೆದಳು. ಅಕ್ಕ ತೀರಿಕೊಂಡು ಎಷ್ಟೋ ವರ್ಷಗಳಾದವು. ಮೊನ್ನೆ ಆ ಮಗಳಿಗೆ ಮಗಳು ಹುಟ್ಟಿದ್ದಾಳೆ. ಹೆಚ್ಚು ಓದು ಬರಹ ಕಲಿಯದ ನಾನು ಖುಷಿ ತಾಳಲಾರದೆ ಇದನ್ನೆಲ್ಲ ಬರೆಯುತ್ತಿದ್ದೇನೆ. ಕೂಸನ್ನು ಎತ್ತಿಕೊಂಡರೆ ಇಳಿಸಲು ಮನಸ್ಸೇ ಬಾರದು.

ತೊಟ್ಟಿಲ ಬಳಿ ಕೂತಿದ್ದ ಬೀಗಿತ್ತಿ ಕೇಳಿದರು, “ನಿಮ್ಮ ತಾಯಿಯವ್ರು ಯಾವ ಕಡೆಯವರ್ರೀ?”

“ಉಡುಪಿ ಕಡೆಯವ್ರು,” ಎಂದೆ.