ವೆಂಕಟೇಶಪ್ಪನವರ ಬೀರುವಿನ ಚಿತ್ರಪುಸ್ತಕಗಳು

ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ವೆಂಕಟೇಶಪ್ಪನವರು ಮೂವತ್ತೊಂದು ವರ್ಷ ಉಪಕರಣಗಳ ಕೋಣೆ ನೋಡಿಕೊಂಡವರು. ಕೆಲಸಗಾರ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಕಿಟಕಿಯಲ್ಲಿ ಕೊಟ್ಟರೆ ಡ್ರಿಲ್ಲೋ ಸ್ಪ್ಯಾನರೋ ಕೈಗೆ ಬರುತ್ತಿತ್ತು. ಸಂಜೆ ಅದು ವಾಪಸು ಬಂದು, ಇವರು ಕನ್ನಡಕ ಏರಿಸಿ ಹಿಂದೆ ಮುಂದೆ ತಿರುಗಿಸಿ ನೋಡಿ, ಒಂದು ಗೀರೂ ಇಲ್ಲವೆಂದು ಒಪ್ಪಿದ ಮೇಲೆಯೇ ಬಿಲ್ಲೆಗೆ ಬಿಡುಗಡೆ. ಸಾಕ್ಷಾತ್ ಜನರಲ್ ಮ್ಯಾನೇಜರೇ ಬಂದು ನಿಂತರೂ ಬಿಲ್ಲೆಯಿಲ್ಲದೆ ಒಂದು ಮೊಳೆ ಹುಟ್ಟುತ್ತಿರಲಿಲ್ಲ. ಆಸಾಮಿ ಅಷ್ಟು ಖಡಕ್ಕು.

ಸರಿ, ನಿವೃತ್ತಿಯಾಯಿತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ! ಮನೆಯ ಬೀರುವಿನಲ್ಲಿ, ಒಬ್ಬಳೇ ಮಗಳು ಮಹಾಲಕ್ಷ್ಮಿಗೆಂದು ಒಂದು ಕಾಲದಲ್ಲಿ ಕೊಂಡ ಹದಿನಾಲ್ಕು ಚಿತ್ರಪುಸ್ತಕಗಳಿದ್ದವು. ಆಗೆಲ್ಲ ಕಾರ್ಖಾನೆಯ ಕಾಲೋನಿಗೆ ಪುಸ್ತಕದ ವ್ಯಾನು ಬರುತ್ತಿತ್ತು. ರಷ್ಯಾದಿಂದ ಬಂದ ಕನ್ನಡ ಪುಸ್ತಕಗಳು: ದಪ್ಪ ಕಾಗದ, ಹಿಮದಲ್ಲಿ ಜಾರುವ ಗುಂಡುಕೆನ್ನೆಯ ಮಕ್ಕಳು, ಕೆಂಪು ಬೂಟು ತೊಟ್ಟ ಕರಡಿ. ಭಾನುವಾರ ಊಟವಾದ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ್ನು ಓದಿ ಹೇಳಿದ ಮಧ್ಯಾಹ್ನಗಳನ್ನು ವೆಂಕಟೇಶಪ್ಪನವರು ಮತ್ತೆ ಮತ್ತೆ ನೆನೆಯುತ್ತಿದ್ದರು. ಅಂಥ ಸುಖ ತಮ್ಮ ಬಾಳಿನಲ್ಲಿ ಇನ್ನೊಂದಿಲ್ಲವೆಂದು ಹೆಂಡತಿ ಅನುಸೂಯಮ್ಮನವರ ಮುಂದೆ ನೂರು ಸಲವಾದರೂ ಹೇಳಿದ್ದರು.

೨೦೧೧ರ ಬೇಸಿಗೆಯಲ್ಲಿ ಆ ಸುಖ ಮತ್ತೆ ಬಂದ ಹಾಗಾಯಿತು. ಬ್ರೂಕ್‌ಫೀಲ್ಡಿನಲ್ಲಿದ್ದ ಮಹಾಲಕ್ಷ್ಮಿ ತನ್ನ ಐದು ವರ್ಷದ ಮಗಳು ಸಮನ್ವಿತಾಳನ್ನು ರಜೆಗೆಂದು ಇವರ ಹತ್ತಿರ ಬಿಟ್ಟು ಹೋದಳು. ಬೆಳಗಿನ ಹೊತ್ತು ತಾತ ಮೊಮ್ಮಗಳ ಕೈಗೆ ಬಿಡುವೇ ಇಲ್ಲ. ತೆಂಗಿನ ಗರಿ ಸೀಳಿ ಪೀಪಿ, ಕೈಗಡಿಯಾರ. ಹಳೇ ಪೇಪರನ್ನು ಕತ್ತರಿಸಿ, ಮೈದಾ ಅಂಟು ಬಳಿದು ಟೋಪಿ, ಗಿರಗಿಟ್ಲೆ. ಮಾವಿನ ಓಟೆಯನ್ನು ತೊಳೆದು ಒಣಗಿಸಿ, ಅದರ ನಾರನ್ನೇ ಗಡ್ಡ ಮಾಡಿ, ಕಣ್ಣು ಮೂಗು ಬರೆದರೆ ಒಬ್ಬ ಮುದುಕ. ‘ತಾತಾ, ಇವ್ನು ನಿನ್ ಥರಾನೇ ಗುರ್ ಅಂತಾನೆ’ ಎಂದು ಮಗು ನಕ್ಕರೆ ವೆಂಕಟೇಶಪ್ಪನವರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮಧ್ಯಾಹ್ನ ಮಾತ್ರ ಬೀರುವಿನ ಕಾನೂನು. ಕೈ ತೊಳೆಯಬೇಕು, ಒರೆಸಬೇಕು, ಕೈಕಟ್ಟಿ ಕೂರಬೇಕು. ಹಾಳೆ ತಿರುಗಿಸುವುದು ತಾತ. ‘ನಾನ್ ತಿರುಗಿಸ್ತೀನಿ’ ಎಂದರೆ, ‘ಬೇಡ ಪುಟ್ಟಿ, ಮೂಲೆ ಮಡಚ್ಕೊಳುತ್ತೆ’ ಎಂಬ ಉತ್ತರ.

ಒಂದು ಬೆಳಿಗ್ಗೆ ಬೀರುವಿನಲ್ಲೇ ಕೀ ಮರೆತು ಕ್ಷೌರಕ್ಕೆ ಹೋದರು. ಬಂದು ನೋಡಿದರೆ, ಮಗು ಕತ್ತರಿ ಹಿಡಿದು ನೆಲದ ಮೇಲೆ ಕೂತಿದೆ. ಕೆಂಪು ಬೂಟಿನ ಕರಡಿ ಪುಸ್ತಕ ಬಿಟ್ಟು ಎದ್ದು, ಬೆನ್ನಿಗೆ ಪೊರಕೆ ಕಡ್ಡಿ ಅಂಟಿಸಿಕೊಂಡು, ಅವಳ ಕೈಯಲ್ಲಿ ಕುಣಿಯುತ್ತಿದೆ! ಪಾಪ, ಬೆಳಿಗ್ಗೆ ಹೊತ್ತು ತಾತನೇ ಕಲಿಸಿದ ಕಸುಬು ತಾನೆ?

‘ತಾತಾ ನೋಡು, ಕರಡಿ ಆಚೆ ಬಂತು!’

‘ಮುಟ್ಬೇಡ ಅಂತ ಹೇಳಿರ್ಲಿಲ್ವಾ ನಿಂಗೆ!’ ಎಂದು ಗುಡುಗಿ, ಕಿತ್ತುಕೊಂಡರು. ಕಡ್ಡಿ ಲಟಕ್ಕನೆ ಮುರಿಯಿತು. ಮಗು ಅಳಲಿಲ್ಲ, ಎದ್ದು ಅಜ್ಜಿಯ ಹಿಂದೆ ನಿಂತುಕೊಂಡಿತು.

ಮಾರನೆಯ ದಿನ ಇವರು ಪುಸ್ತಕ ತೆಗೆದರೆ ‘ನಂಗ್ ಬೇಡ’ ಅಂದಳು. ಪೀಪಿ ಬೇಡ, ಗಿರಗಿಟ್ಲೆ ಬೇಡ, ತಾತನೇ ಬೇಡ. ನಾಲ್ಕು ದಿನ ಟೀವಿಗೆ ಅಂಟಿಕೊಂಡಳು. ‘ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುತ್ತೇನ್ರೀ?’ ಎಂದು ಅನುಸೂಯಮ್ಮ ಚುಚ್ಚಿದರು. ವೆಂಕಟೇಶಪ್ಪನವರಿಗೆ ಅನ್ನ ಸೇರಲಿಲ್ಲ. ಇನ್ನು ಈ ಮಗು ತಮ್ಮ ಪಕ್ಕದಲ್ಲಿ ಕೂರುವುದೇ ಇಲ್ಲವೇನೋ ಎಂಬ ಭಯ ಅವರನ್ನು ಹಿಡಿದುಬಿಟ್ಟಿತ್ತು.

ಭಾನುವಾರ ಮಹಾಲಕ್ಷ್ಮಿ ಬಂದಳು. ಇವರು ತೂತುಬಿದ್ದ ಪುಸ್ತಕವನ್ನು ಸಾಕ್ಷಿಯ ಹಾಗೆ ಮುಂದಿಟ್ಟರು.

‘ನೋಡಮ್ಮ, ನಿನ್ ಪುಸ್ತಕ. ಇಪ್ಪತ್ತೆಂಟು ವರ್ಷ ಕಾಪಾಡಿದ್ದೆ. ನೀನು ಒಂದು ಹಾಳೆ ಹರಿದವಳಲ್ಲ.’

ಮಹಾಲಕ್ಷ್ಮಿ ನಕ್ಕಳು. ‘ಹರಿಯೋಕೆ ಮುಟ್ಟೋಕಾದ್ರೂ ಬಿಟ್ಟಿದ್ರಾ ಅಪ್ಪಾ?’

‘ಪ್ರತಿ ಭಾನುವಾರ ಓದಿ ಹೇಳ್ತಿರ್ಲಿಲ್ವೇನೇ?’

‘ಹೇಳ್ತಿದ್ರಿ. ನಾನು ಕೈ ಕಟ್ಕೊಂಡು, ಯಾವಾಗ ಮುಗಿಯುತ್ತಪ್ಪಾ ಅಂತ ಕಾಯ್ತಿದ್ದೆ. ಈ ಕರಡಿ ಬೂಟನ್ನ ಒಂದೇ ಒಂದ್ಸಲ ಸವರಿ ನೋಡ್ಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ?’

ಅವಳ ಮಾತಿನಲ್ಲಿ ದೂರೇನೂ ಇರಲಿಲ್ಲ, ತಮಾಷೆಯಾಗಿಯೇ ಹೇಳಿದ್ದಳು. ಅದೇ ಅವರಿಗೆ ನಾಟಿತು. ತಮ್ಮ ಬಾಳಿನ ದೊಡ್ಡ ಸುಖವೆಂದು ಜೋಪಾನ ಮಾಡಿಕೊಂಡು ಬಂದ ಮಧ್ಯಾಹ್ನಗಳಲ್ಲಿ ಸುಖಪಟ್ಟವರು ತಾವೊಬ್ಬರೇ! ಛೆ, ಎಂಥ ಕೆಲಸವಾಯಿತು ಎನ್ನಿಸಿತು.

ಆಮೇಲೆ ಎದ್ದು ಒಳಗೆ ಹೋದರು. ಬೀಗ ಹಾಕಲು ಹೋದರೆಂದೇ ಅನುಸೂಯಮ್ಮ ಅಂದುಕೊಂಡರು. ಆದರೆ ಅವರು ಉಳಿದ ಹದಿಮೂರು ಪುಸ್ತಕಗಳನ್ನೂ ಹೊತ್ತು ತಂದು ಮೊಮ್ಮಗಳ ಮುಂದೆ ಸುರಿದು, ಕತ್ತರಿಯನ್ನು ಪಕ್ಕದಲ್ಲಿಟ್ಟು, ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕೂತರು.

‘ತಗೋ ಪುಟ್ಟಿ. ನಿಂಗ್ಯಾರು ಬೇಕೋ ಕತ್ತರಿಸ್ಕೊ. ತಾತಂದು ತಪ್ಪಾಯ್ತು.’

ಮಗು ತಾತನ ಮುಖ ನೋಡಿತು, ಅಮ್ಮನ ಮುಖ ನೋಡಿತು. ಕೊನೆಗೆ ಒಂದು ಬಾತುಕೋಳಿಯನ್ನು ಆರಿಸಿ, ‘ನೀನು ಗಟ್ಟಿಯಾಗಿ ಹಿಡ್ಕೊ’ ಎಂದು ಅಪ್ಪಣೆ ಮಾಡಿತು. ಅವರು ಹಾಳೆ ಹಿಡಿದರು. ಅವಳು ಅಂಕುಡೊಂಕಾಗಿ ಕತ್ತರಿಸುತ್ತ, ನಾಲಿಗೆ ಕಚ್ಚಿಕೊಂಡು, ಅವರ ತೊಡೆಗೆ ಒರಗಿದಳು.

ಎದುರಿಗೆ ಕೂತಿದ್ದ ಮಹಾಲಕ್ಷ್ಮಿ ಒಂದು ಪುಸ್ತಕ ಎತ್ತಿಕೊಂಡು ಪುಟ ತಿರುಗಿಸಿದಳು. ಹಿಮದಲ್ಲಿ ಜಾರುವ ಒಬ್ಬ ಹುಡುಗಿಯ ಮೇಲೆ ಬೆರಳು ನಿಂತಿತು. ಬ್ಯಾಂಕಿನಲ್ಲಿ ಹತ್ತು ಜನರನ್ನು ಆಳುವ ಹೆಂಗಸು ತಲೆ ಎತ್ತದೆ ಮೆಲ್ಲಗೆ ಕೇಳಿದಳು:

‘ಅಪ್ಪಾ, ನಾನೂ ಒಂದು ಕತ್ತರಿಸ್ಲಾ?’

ಬಾತುಕೋಳಿ ಆಚೆ ಬರುತ್ತಲೇ ವೆಂಕಟೇಶಪ್ಪನವರು ಹಿಡಿ ಮಗಳ ಕಡೆಗೆ ಬರುವಂತೆ ಕತ್ತರಿಯನ್ನು ತಿರುಗಿಸಿ ಕೊಟ್ಟರು.